ಫ್ಲೈಬೈ ಅಂದರೆ: ನಿಲ್ಲಿಸದೆ ನೋಡಿಕೊಂಡು ಹೋಗೋದು

2015ರ ಜುಲೈ 14ರ ಸಂಜೆ. ಕೊಡವರ ಮಳೆಗಾಲದ ತಿಂಗಳು ಕಕ್ಕಡ ಶುರುವಾಗಲು ಇನ್ನೆರಡು ಮೂರು ದಿನ ಇತ್ತು. ಆ ಹೊತ್ತಿಗೆ ಕೊಡಗಿನಲ್ಲಿ ಆಕಾಶ ಅನ್ನೋದು ಇದೆ ಎಂದು ನಂಬಿಕೊಳ್ಳಬೇಕು, ಅಷ್ಟೇ. ಮಂಜು, ಮಳೆ, ಹೋದ ಕರೆಂಟು. ಅಂಥ ಹೊತ್ತಲ್ಲಿ, ಬಾಹ್ಯಾಕಾಶ ನೌಕೆಯೊಂದು ಪ್ಲೂಟೊ ತಲುಪಿತು ಅನ್ನೋ ಸುದ್ದಿ ಜೊತೆ, ಫೋನಿನಲ್ಲಿ ಪ್ಲೂಟೊದ ಚಿತ್ರ ಬಂತು. ಕಂದು ಬಣ್ಣದ ಗೋಲ, ಮೈಮೇಲೆ ಹೃದಯದ ಆಕಾರದ ದೊಡ್ಡದೊಂದು ಬಿಳಿ ಮಚ್ಚೆ. ಅವತ್ತು ನೋಡಿದವರೆಲ್ಲ ಅದನ್ನು ಇನ್ನೊಬ್ಬರಿಗೆ ಕಳಿಸುವವರೇ.

ಮನೆಯಲ್ಲಿ ಅಣ್ಣನ ಮಗ ಬೆನ್ನು ಹತ್ತಿದ.

"ಚಿಕ್ಕಪ್ಪ, ಆ ನೌಕೆ ಅಲ್ಲಿ ಇಳೀತಾ?"

"ಇಲ್ಲ ಮಗ."

"ಮತ್ತೆ, ಸುತ್ತುತ್ತಾ ಇದೆಯಾ, ನಮ್ಮ ಮಂಗಳಯಾನದ ಹಾಗೆ?"

"ಅದೂ ಇಲ್ಲ."

"ಹಂಗಾದ್ರೆ ತಲುಪಿತು ಅಂದಿದ್ದು ಯಾಕೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ನ್ಯೂ ಹೊರೈಜನ್ಸ್ ಎಂಬ ಆ ನೌಕೆ ಪ್ಲೂಟೊವನ್ನು ತಲುಪಲಿಲ್ಲ, ಹಾದು ಹೋಯಿತು. ಇದಕ್ಕೆ ಫ್ಲೈಬೈ ಅನ್ನುತ್ತಾರೆ. ಒಂದು ಗ್ರಹದ ಅಥವಾ ಉಪಗ್ರಹದ ಪಕ್ಕದಲ್ಲೇ ಹಾರಿಕೊಂಡು, ನಿಲ್ಲದೆ, ಮುಂದೆ ಹೊರಟುಹೋಗುವುದು. 'ಸಮೀಪ ಹಾರಾಟ' ಅಂತಲೂ ಬರೆಯಬಹುದು, ಆದರೆ ಅದರಲ್ಲಿ ಹೊರಟುಹೋಗುವ ಮಾತೇ ಇಲ್ಲ. ನನಗೆ ಫ್ಲೈಬೈ ಅನ್ನೋದೇ ಸಾಕು.

ಹುಡುಗನಿಗೆ ಹೇಳಿದ್ದು ಬೇರೆ ಥರ. ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಬರುವಾಗ ಆನೆಚೌಕೂರು ಗೇಟ್ ದಾಟಿದರೆ ಕಾಡು. ಅಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ರಸ್ತೆ ಬದಿಯಲ್ಲಿ ಆನೆ ಕಂಡರೆ ಹೋಗ್ತಾ ಹೋಗ್ತಾನೇ ಕಿಟಕಿಯಿಂದ ಫೋಟೋ ಹೊಡೆಯಬೇಕು. ಒಂದೇ ಸಲ. ರಿವರ್ಸ್ ಇಲ್ಲ. ನೆಟ್‌ವರ್ಕ್ ಕೂಡ ಇಲ್ಲ, ಕಾಡು ದಾಟಿದ ಮೇಲೇ ಮನೆಗೆ ಕಳಿಸಬೇಕು. ಹಿಂದಿನ ತಿಂಗಳು ಅವನೇ ಹೀಗೆ ತೆಗೆದ ಆನೆಯಲ್ಲಿ ಒಂದು ಕಿವಿ, ಅರ್ಧ ಬೆನ್ನು ಮಾತ್ರ ಇತ್ತು. ಫ್ಲೈಬೈ ಏನು ಅಂತ ಅವನಿಗೆ ತಕ್ಷಣ ಅರ್ಥವಾಯಿತು.

ಕಾಡಲ್ಲಿ ನಿಲ್ಲಲು ಬಿಡದಿರೋದು ಅರಣ್ಯ ಇಲಾಖೆ. ಪ್ಲೂಟೊ ಹತ್ತಿರ ನಿಲ್ಲಲು ಬಿಡದಿದ್ದದ್ದು ವೇಗ. ನೌಕೆ ಹೊರಟದ್ದು 2006ರ ಜನವರಿ 19ರಂದು. ಅಷ್ಟು ದೂರವನ್ನು ಒಂಬತ್ತೂವರೆ ವರ್ಷದಲ್ಲಿ ಮುಗಿಸಬೇಕಾದರೆ ಜೋರಾಗಿ ಓಡಲೇಬೇಕು. ಪ್ಲೂಟೊ ಪಕ್ಕ ಹಾದಾಗ ಅದರ ವೇಗ ಸೆಕೆಂಡಿಗೆ ಸುಮಾರು 14 ಕಿಲೋಮೀಟರ್. ಆ ವೇಗದಲ್ಲಿ ಮಡಿಕೇರಿಯಿಂದ ವಿರಾಜಪೇಟೆಗೆ ಎರಡು ಮೂರು ಸೆಕೆಂಡು. (ಮಳೆಗಾಲದಲ್ಲಿ ನಮಗೆ ಒಂದು ಗಂಟೆಯಾದರೂ ಬೇಕು, ಮರ ಬೀಳದಿದ್ದರೆ.) ಬ್ರೇಕ್ ಹಾಕಲು ಅಲ್ಲಿ ಗಾಳಿಯ ತಡೆ ಇಲ್ಲ ಅನ್ನಬಹುದಾದಷ್ಟು ಕಡಿಮೆ. ಪ್ಲೂಟೊದ ಎಳೆತವೂ ತೀರಾ ಸಣ್ಣದು, ಅದು ನೌಕೆಯನ್ನು ಹಿಡಿದು ನಿಲ್ಲಿಸಲಾರದು. ಉಳಿದದ್ದು ಎಂಜಿನ್ ಉರಿಸಿ ನಿಧಾನ ಮಾಡುವ ದಾರಿ. ಅದಕ್ಕೆ ಬೇಕಾದಷ್ಟು ಇಂಧನ ಹೊತ್ತುಕೊಂಡರೆ 478 ಕಿಲೋ ತೂಕದ ಆ ನೌಕೆ ಅಷ್ಟು ವೇಗವಾಗಿ ಹೊರಡುತ್ತಲೇ ಇರಲಿಲ್ಲ.

ಹಾಗಾಗಿ ಒಂಬತ್ತೂವರೆ ವರ್ಷದ ಪ್ರಯಾಣ, ನೋಡೋಕೆ ಸಿಕ್ಕಿದ್ದು ಕೆಲವೇ ಗಂಟೆ. ತೀರಾ ಹತ್ತಿರ ಬಂದದ್ದು ನಮ್ಮ ಗಡಿಯಾರದಲ್ಲಿ ಸಂಜೆ 5 ಗಂಟೆ 19 ನಿಮಿಷಕ್ಕೆ, ನೆಲದಿಂದ ಸುಮಾರು 12,500 ಕಿಲೋಮೀಟರ್ ದೂರದಲ್ಲಿ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ನೌಕೆಯ ಕ್ಯಾಮೆರಾ ತಿರುಗುವುದಿಲ್ಲ, ಆಂಟೆನಾ ಕೂಡ ತಿರುಗುವುದಿಲ್ಲ. ಎರಡೂ ಮೈಗೆ ಅಂಟಿಕೊಂಡಿವೆ. ಪ್ಲೂಟೊ ಕಡೆ ಮುಖ ಮಾಡಬೇಕಾದರೆ ಭೂಮಿ ಜೊತೆ ಮಾತು ನಿಲ್ಲಿಸಬೇಕು. ಎಲ್ಲರೂ ಕುಣಿಯುತ್ತಿದ್ದ ಆ ಹೊತ್ತಲ್ಲೇ ನೌಕೆ ಸುಮ್ನೆ ತನ್ನ ಪಾಡಿಗೆ ಫೋಟೋ ತೆಗೆಯುತ್ತಿತ್ತು. ಬದುಕಿದೆಯಾ ಇಲ್ಲವಾ ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾವು ಹಂಚಿಕೊಂಡ ಹೃದಯದ ಚಿತ್ರ ಹಿಂದಿನ ದಿನವೇ ಕಳಿಸಿದ್ದು, ಏನಾದರೂ ಎಡವಟ್ಟಾದರೆ ಅದಾದರೂ ಕೈಯಲ್ಲಿರಲಿ ಅಂತ. 'ಕ್ಷೇಮ' ಎಂಬ ಸಂದೇಶ ಬಂದದ್ದು ಮರುದಿನ ಬೆಳಿಗ್ಗೆ 6 ಗಂಟೆ 22 ನಿಮಿಷಕ್ಕೆ, ನಾವು ಕಾಫಿ ಕಾಯಿಸುವ ಹೊತ್ತಿಗೆ. ಅದು ನಾಲ್ಕೂವರೆ ಗಂಟೆ ಮೊದಲೇ ಅಲ್ಲಿಂದ ಹೊರಟಿತ್ತು.

ಆಮೇಲೆ ಶುರುವಾಯಿತು ಕಾಯುವ ಕೆಲಸ. ದೂರ ಜಾಸ್ತಿ, ಸಿಗ್ನಲ್ ಸಣ್ಣದು, ಹಳೆಯ ಡಯಲ್‌ಅಪ್ ಇಂಟರ್‌ನೆಟ್ಟೇ ಅದಕ್ಕಿಂತ ಎಷ್ಟೋ ಪಾಲು ಚುರುಕು. ತೆಗೆದದ್ದೆಲ್ಲ ಭೂಮಿಗೆ ಬಂದು ಮುಗಿದದ್ದು 2016ರ ಅಕ್ಟೋಬರಿನಲ್ಲಿ. ಆ ಬಿಳಿ ಹೃದಯದ ಎಡಭಾಗ ಹೆಪ್ಪುಗಟ್ಟಿದ ನೈಟ್ರೋಜನ್, ಅದರ ಅಂಚಿನ ಬೆಟ್ಟಗಳು ಬಂಡೆಯಷ್ಟು ಗಟ್ಟಿಯಾದ ನೀರಿನ ಮಂಜುಗಡ್ಡೆ ಅಂತ ಹೀಗೆ ಒಂದೊಂದಾಗಿ ತಿಳಿಯಿತು.

ಈ ಕಾತರ ಹೊಸದಲ್ಲ. ಸರಿಯಾಗಿ 50 ವರ್ಷ ಮೊದಲು, 1965ರ ಜುಲೈನಲ್ಲಿ, ಮರೈನರ್ 4 ಎಂಬ ನೌಕೆ ಮಂಗಳನ ಪಕ್ಕ ಹಾದು ಹೋಯಿತು. ಚಿತ್ರ ಬರೀ ಅಂಕಿಗಳಾಗಿ ಬರುತ್ತಿತ್ತು. ಕಂಪ್ಯೂಟರ್ ಅದನ್ನು ಚಿತ್ರ ಮಾಡುವವರೆಗೆ ಕಾಯಲು ಎಂಜಿನಿಯರುಗಳಿಗೆ ತಾಳ್ಮೆ ಸಾಲಲಿಲ್ಲ. ಅಂಕಿ ಅಚ್ಚಾದ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಇಂತಿಂಥ ಅಂಕಿಗೆ ಇಂತಿಂಥ ಬಣ್ಣ ಅಂತ ಪೇಸ್ಟಲ್ ಕಡ್ಡಿಯಿಂದ ಕೈಯಲ್ಲೇ ತುಂಬಿದರು, ಮಕ್ಕಳ ಬಣ್ಣದ ಪುಸ್ತಕದ ಹಾಗೆ!

ಫ್ಲೈಬೈಗೆ ಇನ್ನೊಂದು ಉಪಯೋಗವೂ ಇದೆ. ದೊಡ್ಡ ಗ್ರಹದ ಪಕ್ಕ ಹಾದರೆ ಅದರ ಎಳೆತದಿಂದ ವೇಗ ಸಿಗುತ್ತದೆ. ನ್ಯೂ ಹೊರೈಜನ್ಸ್ 2007ರಲ್ಲಿ ಗುರುಗ್ರಹದಿಂದ ಹೀಗೇ ಒಂದು ತಳ್ಳು ಪಡೆದಿತ್ತು.

ಪ್ಲೂಟೊ ಮುಗಿದ ಮೇಲೂ ಅದು ಸುಮ್ಮನಿರಲಿಲ್ಲ. 2019ರ ಜನವರಿ 1ರಂದು ಅರೊಕೋತ್ ಎಂಬ ಇನ್ನೂ ದೂರದ ಪುಟ್ಟ ಲೋಕದ ಪಕ್ಕ ಹಾದಿತು. ಮೊದಲ ಚಿತ್ರಗಳಲ್ಲಿ ಒಂದು ದೊಡ್ಡ, ಒಂದು ಸಣ್ಣ ಕಡಂಬುಟ್ಟು (ನಮ್ಮ ಕಡೆಯ ಅಕ್ಕಿ ಕಡುಬಿನ ಉಂಡೆ) ಅಂಟಿಸಿದ ಹಾಗೆ ಕಂಡಿತು. ಮುಂದಿನ ತಿಂಗಳು, ದಾಟಿ ಹೋಗುತ್ತಾ ಹಿಂದೆ ತಿರುಗಿ ತೆಗೆದ ಚಿತ್ರಗಳು ಬಂದವು. ದೊಡ್ಡದು ಉಂಡೆಯೇ ಅಲ್ಲ, ಅಕ್ಕಿ ರೊಟ್ಟಿಯ ಹಾಗೆ ಚಪ್ಪಟೆ.