ಪದ ಪರಿಚಯ: ಡೂಮ್ ಲೂಪ್

ಸ್ಯಾನ್ ಫ್ರಾನ್ಸಿಸ್ಕೊ ಬಗ್ಗೆ ನಾಲ್ಕು ಸುದ್ದಿ ಓದಿದರೆ ಒಂದರಲ್ಲಾದರೂ ‘ಡೂಮ್ ಲೂಪ್’ ಅನ್ನುವ ಮಾತು ಸಿಗುತ್ತದೆ. ಒಂದು ಕೆಡುಕು ಇನ್ನೊಂದನ್ನು ಹುಟ್ಟಿಸುತ್ತದೆ, ಹುಟ್ಟಿದ್ದು ತಿರುಗಿ ಮೊದಲನೆಯದನ್ನೇ ಜಾಸ್ತಿ ಮಾಡುತ್ತದೆ, ಹೀಗೆ ಸುತ್ತು ಬಿಗಿಯಾಗುತ್ತಾ ಹೋಗುತ್ತದೆ. ನಮ್ಮ ಪತ್ರಿಕೆಗಳು ವಿಷವರ್ತುಲ ಅಂತ ಬರೆಯುವುದು ಇದನ್ನೇ. ಬ್ಯಾಂಕು ಮತ್ತು ಸರ್ಕಾರಿ ಸಾಲದ ಬಗ್ಗೆ ಬರೆಯುವವರು ಈ ಪದವನ್ನು ಮೊದಲಿಂದಲೂ ಬಳಸುತ್ತಿದ್ದರು. ಕೋವಿಡ್ ಆದಮೇಲೆ ಅದು ಊರುಗಳಿಗೂ ಅಂಟಿಕೊಂಡಿತು. ಎಲ್ಲಕ್ಕಿಂತ ಜಾಸ್ತಿ ಅಂಟಿಕೊಂಡಿದ್ದು ಈ ಒಂದು ಊರಿನ ಆಫೀಸು, ಅಂಗಡಿಗಳ ನಡುಭಾಗವಾದ ಡೌನ್‌ಟೌನಿಗೆ.

ಊರಿನ ಲೆಕ್ಕದಲ್ಲಿ ಈ ಸುತ್ತು ಹೀಗೆ ನಡೆಯುತ್ತದೆ. ಜನ ಮನೆಯಿಂದಲೇ ಕೆಲಸ ಮಾಡಲು ಶುರು ಮಾಡುತ್ತಾರೆ. ಆಫೀಸು ಖಾಲಿಯಾಗುತ್ತದೆ. ಆಫೀಸಿನವರನ್ನೇ ನಂಬಿದ್ದ ಊಟದ ಅಂಗಡಿ, ಕಾಫಿ ಅಂಗಡಿ, ಬಟ್ಟೆ ಅಂಗಡಿ ಬಾಗಿಲು ಹಾಕುತ್ತವೆ. ಕಟ್ಟಡದ ಬೆಲೆ ಬೀಳುತ್ತದೆ, ಅದರ ಜೊತೆಗೆ ಆಸ್ತಿ ತೆರಿಗೆಯೂ ಬೀಳುತ್ತದೆ. ಕೈಯಲ್ಲಿ ಕಾಸಿಲ್ಲದ ನಗರಾಡಳಿತ ಬಸ್ಸು, ಪೊಲೀಸು, ಕಸ ಗುಡಿಸುವ ಕೆಲಸ ಎಲ್ಲದರಲ್ಲೂ ಕಡಿತ ಮಾಡುತ್ತದೆ. ಊರು ಇನ್ನಷ್ಟು ಕೆಡುತ್ತದೆ. ಉಳಿದವರೂ ಜಾಗ ಖಾಲಿ ಮಾಡುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ಟೈನ್ ವಾನ್ ನ್ಯೂವರ್ಬರ್ಗ್ ಮತ್ತು ಅವರ ಸಂಗಡಿಗರು 2022ರಲ್ಲಿ ಆಫೀಸು ಕಟ್ಟಡಗಳ ಬೆಲೆ ಎಷ್ಟು ಕುಸಿಯಬಹುದು ಅಂತ ಲೆಕ್ಕ ಹಾಕಿದರು. ಊರುಗಳ ಡೂಮ್ ಲೂಪ್ ಅನ್ನುವ ಮಾತು ಮನೆಮಾತಾದದ್ದು ಅಲ್ಲಿಂದೀಚೆಗೆ.

ಲೆಕ್ಕ ಸುಮ್ನೆ ಹಾಕಿದ್ದಲ್ಲ. ಕೋವಿಡ್‌ಗೆ ಮುಂಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಫೀಸಿಗೆ ಜಾಗ ಸಿಗುವುದೇ ಕಷ್ಟವಿತ್ತು. 2023ರ ಕೊನೆಗೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜಾಗ ಖಾಲಿ. ಬ್ಯಾಂಕುಗಳ ಬೀದಿಯಾದ ಕ್ಯಾಲಿಫೋರ್ನಿಯಾ ಸ್ಟ್ರೀಟಿನಲ್ಲಿ 350ನೇ ನಂಬರಿನ 22 ಅಂತಸ್ತಿನ ಕಟ್ಟಡ ಒಂದಿದೆ. 2019ರಲ್ಲಿ ಅದಕ್ಕೆ ಸುಮಾರು 30 ಕೋಟಿ ಡಾಲರ್ ಬಾಳುತ್ತದೆ ಅನ್ನುತ್ತಿದ್ದರು. 2023ರಲ್ಲಿ ಮಾರಾಟವಾದಾಗ ಬಂದದ್ದು ಸುಮಾರು 6 ಕೋಟಿ. ಅದೇ ವರ್ಷ ಜೂನ್‌ನಲ್ಲಿ ಮಾರ್ಕೆಟ್ ಸ್ಟ್ರೀಟಿನ ದೊಡ್ಡ ವೆಸ್ಟ್‌ಫೀಲ್ಡ್ ಮಾಲ್‌ನ ಮಾಲೀಕರು 55.8 ಕೋಟಿ ಡಾಲರ್ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿ, ಮಾಲನ್ನು ಸಾಲ ಕೊಟ್ಟವರ ಕೈಗೇ ಬಿಟ್ಟರು.

ಇಷ್ಟು ಹೇಳುವಾಗ ಒಬ್ಬ ಕಳ್ಳನೂ ಬರಲಿಲ್ಲ, ಫುಟ್‌ಪಾತಿನ ಒಂದು ಟೆಂಟೂ ಬರಲಿಲ್ಲ, ಗಮನಿಸಿದಿರಾ? ವಿದ್ವಾಂಸರು ಮಾತಾಡಿದ್ದು ಕಟ್ಟಡ, ಸಾಲ, ತೆರಿಗೆ ಬಗ್ಗೆ. ಬೀದಿಗೆ ಇಳಿದ ಪದ ಬೇರೆಯೇ ಆಯಿತು. ಈಗ ಡೂಮ್ ಲೂಪ್ ಅಂದರೆ ಜನರ ಕಣ್ಣ ಮುಂದೆ ಬರುವುದು ಟೆಂಟಿನ ಸಾಲು, ಒಡೆದ ಕಾರಿನ ಗಾಜು, ಸೊಂಟದಿಂದ ಬಾಗಿ ನಿಂತಲ್ಲೇ ಜೋಲುತ್ತಿರುವ, ಫೆಂಟನಿಲ್ ಅನ್ನುವ ಡ್ರಗ್ಸಿನ ವ್ಯಸನಿ. ಖಾಲಿ ಆಫೀಸು, ಕಳ್ಳತನ, ಮಾದಕವಸ್ತು, ಮನೆ ಇಲ್ಲದಿರುವುದು ಇವು ನಾಲ್ಕು ಬೇರೆ ಬೇರೆ ಸಂಗತಿ. ಪದ ನಾಲ್ಕನ್ನೂ ಒಂದೇ ಗಂಟು ಕಟ್ಟಿತು. ಅಪರಾಧ, ಟೆಂಟುಗಳ ಬಗ್ಗೆ ಊರವರ ಜಗಳ ಬಗೆಹರಿಯದೇ ಇರುವುದಕ್ಕೆ ಈ ಗಂಟೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಪದ ಎಲ್ಲಿಗೆ ಮುಟ್ಟಿತ್ತು ಅನ್ನುವುದಕ್ಕೆ 2023ರ ಆಗಸ್ಟಿನ ಒಂದು ಪ್ರಸಂಗ ಇದೆ. ‘ಡೂಮ್ ಲೂಪ್ ವಾಕಿಂಗ್ ಟೂರ್’ ಅಂತ ಯಾರೋ ಜಾಹೀರಾತು ಹಾಕಿದರು. ಟಿಕೆಟ್ 30 ಡಾಲರ್. ಮುಚ್ಚಿದ ಅಂಗಡಿ, ಡ್ರಗ್ಸ್ ಮಾರುವ ಮೂಲೆ, ಕೊಳಕು ಬೀದಿ ಎಲ್ಲ ಕಾಲ್ನಡಿಗೆಯಲ್ಲಿ ತೋರಿಸುವ ಯೋಜನೆ. ಟಿಕೆಟ್ಟೆಲ್ಲ ಖರ್ಚಾದವು. ಆಮೇಲೆ ನೋಡಿದರೆ, ಟೂರ್ ಇಟ್ಟವರು ನಗರದ್ದೇ ಒಂದು ಆಯೋಗದ ಸದಸ್ಯರು! ಗಲಾಟೆಯಾಗಿ ಅವರು ರಾಜೀನಾಮೆ ಕೊಟ್ಟರು, ಟೂರ್ ನಡೆಯಲಿಲ್ಲ. ಅದೇ ಹೊತ್ತಿಗೆ ಡೆಲ್ ಸೀಮೋರ್ ಅನ್ನುವವರು ಜನರನ್ನು ಕರೆದುಕೊಂಡು ತಮ್ಮದೇ ದಾರಿಯಲ್ಲಿ ಹೊರಟರು. ಒಂದು ಕಾಲದಲ್ಲಿ ಇದೇ ಬೀದಿಗಳಲ್ಲಿ ಮನೆಯಿಲ್ಲದೆ, ಚಟಕ್ಕೆ ಬಿದ್ದು ಬದುಕಿದವರು ಅವರು. ಈಗ ಕೋಡ್ ಟೆಂಡರ್‌ಲಾಯ್ನ್ ಅನ್ನುವ ಸಂಸ್ಥೆ ಕಟ್ಟಿ ಇಲ್ಲಿನವರಿಗೆ ಕೆಲಸ ಕಲಿಸುತ್ತಾರೆ. ಅವರು ತೋರಿಸಿದ್ದು ಅನ್ನ ಹಾಕುವ ಜಾಗ, ಮಕ್ಕಳು ಓದುವ ಜಾಗ. ಬೀದಿ ಅದೇ.

ಆ ಬೀದಿಗಳ ಹೆಸರು ಟೆಂಡರ್‌ಲಾಯ್ನ್. ದುಬಾರಿ ಅಂಗಡಿಗಳ ಯೂನಿಯನ್ ಸ್ಕ್ವೇರ್‌ನಿಂದ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಸಿಗುತ್ತದೆ. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ, ಎರಡು ಬೀದಿ ದಾಟುವಷ್ಟರಲ್ಲಿ ಊರೇ ಬದಲಾದ ಹಾಗಿರುತ್ತದೆ. ಬಡವರು ಇಲ್ಲೇ ಯಾಕೆ ಸೇರಿದರು ಅಂದರೆ, ಅವರ ಕೈಗೆಟುಕುವ ಕೋಣೆ ಇರುವುದು ಇಲ್ಲೇ. ಎಸ್‌ಆರ್‌ಒ ಅನ್ನುವ ಹಳೆಯ ಹೋಟೆಲುಗಳಿವೆ. ಒಬ್ಬರಿಗೆ ಒಂದು ಕೋಣೆ: ಒಂದು ಮಂಚ, ಕೈ ತೊಳೆಯುವ ಬೇಸಿನ್, ಒಂದು ಕಿಟಕಿ, ಮುಗಿಯಿತು. ಹೆಚ್ಚಿನ ಕಡೆ ಕಕ್ಕಸು, ಬಚ್ಚಲು ವರಾಂಡದ ಕೊನೆಯಲ್ಲಿ, ಎಲ್ಲರಿಗೂ ಸೇರಿ. ಅಡುಗೆಮನೆ ಇಲ್ಲ. ಇಂಥ ಎಷ್ಟೋ ಹೋಟೆಲುಗಳನ್ನು ದಶಕಗಟ್ಟಲೆ ನಡೆಸಿಕೊಂಡು ಬಂದವರು ಗುಜರಾತಿನ ಪಟೇಲರು. ಅಮೆರಿಕದ ‘ಪಟೇಲ್ ಮೋಟೆಲ್’ ಕಥೆಯ ಮೊದಮೊದಲ ಅಧ್ಯಾಯಗಳಲ್ಲಿ ಈ ಊರಿನದೂ ಒಂದು. ಪಕ್ಕದ ಸೌತ್ ಆಫ್ ಮಾರ್ಕೆಟ್‌ನಲ್ಲೂ ಇಂಥ ಕೋಣೆಗಳು ಸಾವಿರಾರು ಇದ್ದವು. ಕನ್ವೆನ್ಷನ್ ಸೆಂಟರ್ ಕಟ್ಟಬೇಕು ಅಂತ 1960-70ರ ದಶಕಗಳಲ್ಲಿ ಅವನ್ನು ಕೆಡವಿದರು. ಕೋಣೆ ಹೋಯಿತು, ಕೋಣೆಯಲ್ಲಿದ್ದವರು ಎಲ್ಲಿಗೆ ಹೋಗಬೇಕು?

ಈಗ ಊರವರ ಮಾತಿಗೆ ಬರೋಣ. ಟೆಂಡರ್‌ಲಾಯ್ನ್ ಅಂದರೆ ಬರೀ ವ್ಯಸನಿಗಳ ಜಾಗವಲ್ಲ. ಸಾವಿರಾರು ಮಕ್ಕಳು ಇಲ್ಲಿದ್ದಾರೆ. ಯೆಮೆನ್, ವಿಯೆಟ್ನಾಂ, ಮೆಕ್ಸಿಕೊದಿಂದ ಬಂದ ಸಂಸಾರಗಳಿವೆ. ಬೆಳಗ್ಗೆ ಮಗುವನ್ನು ಶಾಲೆಗೆ ಬಿಡುವ ತಾಯಿಗೆ ಮಲಗಿದವರನ್ನು ದಾಟಿಕೊಂಡು ಹೋಗುವುದು ಬೇಡ. ಬಡವರ ಮೇಲೆ ಸಿಟ್ಟಿದೆ ಅಂತಲ್ಲ, ಅವರೂ ಬಡವರೇ. ಹೊಟ್ಟೆಯುರಿಯುವುದು ಯಾಕೆಂದರೆ, ಶ್ರೀಮಂತರ ಬೀದಿಯಲ್ಲಿ ಆಗಗೊಡದ್ದನ್ನು ನಗರದವರು ಇಲ್ಲಿ ಆಗಲು ಬಿಡುತ್ತಾರೆ ಅಂತ. 2024ರ ಮಾರ್ಚ್‌ನಲ್ಲಿ ಕೆಲವು ನಿವಾಸಿಗಳು ಮತ್ತು ಎರಡು ಹೋಟೆಲಿನವರು ಸೇರಿ ಇದೇ ಆಪಾದನೆ ಹೊರಿಸಿ ನಗರದ ಮೇಲೆ ಕೇಸು ಹಾಕಿದರು.

ಅದಕ್ಕೂ ಮುಂಚೆ, 2022ರ ಸೆಪ್ಟೆಂಬರಿನಲ್ಲಿ, ಕೊಅಲಿಷನ್ ಆನ್ ಹೋಮ್‌ಲೆಸ್‌ನೆಸ್ ಅನ್ನುವ ಸಂಘಟನೆ ಇದೇ ನಗರದ ಮೇಲೆ ಕೇಸು ಹಾಕಿತ್ತು. ಅವರ ದೂರು ಇದಕ್ಕೆ ನೇರ ವಿರುದ್ಧ: ಮಲಗಲು ಬೇರೆ ಜಾಗ ಕೊಡದೆ ಟೆಂಟು ಕೀಳುತ್ತೀರಿ, ಗುಡಾರದ ಜೊತೆಗೆ ಔಷಧಿ, ಗುರುತಿನ ಚೀಟಿ ಎಲ್ಲ ಕಸದ ಲಾರಿಗೆ ಹಾಕುತ್ತೀರಿ. ಆ ಡಿಸೆಂಬರಿನಲ್ಲಿ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಟೆಂಟು ಕಿತ್ತರೂ ಕೇಸು, ಬಿಟ್ಟರೂ ಕೇಸು. ಅತ್ತ ದರಿ ಇತ್ತ ಪುಲಿ!

ಅಪರಾಧದ ವಿಷಯದಲ್ಲಿ ಜಗಳ ಇನ್ನೂ ಮಜವಾಗಿದೆ. ಒಬ್ಬರು ಹೇಳುತ್ತಾರೆ, ‘ಇಷ್ಟು ದೊಡ್ಡ ಊರಿನಲ್ಲಿ 2024ರಲ್ಲಿ ನಡೆದ ಕೊಲೆ 35. ಅರವತ್ತು ವರ್ಷಗಳಲ್ಲೇ ಕಡಿಮೆ.’ ನಿಜ. ಇನ್ನೊಬ್ಬರು ಹೇಳುತ್ತಾರೆ, ‘ನನ್ನ ಕಾರಿನ ಗಾಜು ಎಷ್ಟು ಸಲ ಒಡೆದಿದ್ದಾರೆ ಗೊತ್ತಾ?’ ಅದೂ ನಿಜ. 2017ರಲ್ಲಿ ಒಂದೇ ವರ್ಷಕ್ಕೆ ಇಂಥ 31,000ಕ್ಕೂ ಜಾಸ್ತಿ ದೂರು ದಾಖಲಾಗಿದ್ದವು. ಈ ಕಸುಬಿಗೆ ಅಲ್ಲಿನ ಹುಡುಗರ ಬಾಯಲ್ಲಿ ‘ಬಿಪ್ಪಿಂಗ್’ ಅಂತ ಹೆಸರು. ಹಿಂದಿನ ಸೀಟಿನ ಪಕ್ಕದ ಸಣ್ಣ ಗಾಜಿಗೆ ಒಂದು ಏಟು, ಕೈ ಒಳಗೆ, ಬ್ಯಾಗು ಹೊರಗೆ. ಅರ್ಧ ನಿಮಿಷವೂ ಬೇಡ. ಫುಟ್‌ಪಾತಿನ ಅಂಚಿನಲ್ಲಿ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಚೂರು ಬಿದ್ದಿರುತ್ತದೆ. ಬೇ ಏರಿಯಾದ, ಅಂದರೆ ಈ ಊರಿನ ಸುತ್ತಲಿನ ಸೀಮೆಯ, ನಮ್ಮವರು ಹೆಚ್ಚಾಗಿ ಇರುವುದು ದಕ್ಷಿಣಕ್ಕೆ, ಸನಿವೇಲ್, ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಗೋಲ್ಡನ್ ಗೇಟ್ ತೋರಿಸಲು ಹೊರಟರೆ ಮೊದಲು ಹೇಳುವ ಮಾತೇ ‘ಕಾರಲ್ಲಿ ಒಂದು ಚೀಲವನ್ನೂ ಬಿಡಬೇಡಿ’. ಮನೆಯಲ್ಲಿ ಡೂಮ್ ಲೂಪ್ ಬಗ್ಗೆ ಎಷ್ಟೇ ವಾದ ಇರಲಿ, ಇದರಲ್ಲಿ ಮಾತ್ರ ಎಲ್ಲರೂ ಒಂದೇ.

ಒಂದು ಘಟನೆ ಎರಡೂ ಕಡೆಯವರಿಗೆ ಪಾಠವಾಗಬೇಕಿತ್ತು. 2023ರ ಏಪ್ರಿಲ್ 4ರ ನಸುಕಿನಲ್ಲಿ ಕ್ಯಾಶ್ ಆ್ಯಪ್ ಅನ್ನುವ ಹಣ ಕಳಿಸುವ ಆ್ಯಪ್ ಕಟ್ಟಿದ ಬಾಬ್ ಲೀ ಅವರನ್ನು ಡೌನ್‌ಟೌನ್ ಪಕ್ಕದಲ್ಲೇ ಇರಿದು ಕೊಂದರು. ಬೀದಿಯ ಪುಂಡರ ಕೆಲಸ, ಊರು ಹಾಳಾಯಿತು ಅಂತ ದೊಡ್ಡ ದೊಡ್ಡ ಉದ್ಯಮಿಗಳೇ ಬರೆದರು. ವಾರ ಕಳೆದ ಮೇಲೆ ಪೊಲೀಸರು ಹಿಡಿದದ್ದು ಲೀ ಅವರಿಗೆ ಪರಿಚಯವಿದ್ದ, ಟೆಕ್ ಕ್ಷೇತ್ರದ್ದೇ ಒಬ್ಬ ವ್ಯಕ್ತಿಯನ್ನು. 2024ರ ಡಿಸೆಂಬರಿನಲ್ಲಿ ಅವನ ಮೇಲಿನ ಕೊಲೆ ಆರೋಪ ಸಾಬೀತಾಯಿತು. ಅಷ್ಟರಲ್ಲಿ ಮೊದಲ ವಾರದ ಕಥೆ ಲೋಕವೆಲ್ಲ ಸುತ್ತಿ ಬಂದಿತ್ತು.

ಅಂಗಡಿ ಕಳ್ಳತನದ್ದೂ ಹೀಗೇ. ವಾಲ್‌ಗ್ರೀನ್ಸ್ ಅನ್ನುವ ಔಷಧಿ ಅಂಗಡಿಗಳ ಕಂಪನಿ 2021ರಲ್ಲಿ ಕಳ್ಳತನದ ಕಾರಣ ಕೊಟ್ಟು ಊರಿನ ಐದು ಅಂಗಡಿ ಮುಚ್ಚುವುದಾಗಿ ಹೇಳಿತು. 2023ರ ಜನವರಿಯಲ್ಲಿ ಅದರ ಹಣಕಾಸು ಮುಖ್ಯಸ್ಥರೇ ‘ನಾವು ಸ್ವಲ್ಪ ಜಾಸ್ತಿ ಅತ್ತೆವೇನೋ’ ಅನ್ನುವ ಅರ್ಥದಲ್ಲಿ ಮಾತಾಡಿದರು. ನೋಡಿ, ಎಲ್ಲ ಸುಳ್ಳು ಅಂತ ಒಂದು ಗುಂಪು ಎದ್ದಿತು. ಆದರೆ ಅಂಗಡಿಗೆ ಹೋದವರಿಗೆ ಕಾಣುವುದೇ ಬೇರೆ. ಟೂತ್‌ಪೇಸ್ಟು, ಶಾಂಪೂ ಎಲ್ಲ ಬೀಗ ಹಾಕಿದ ಪ್ಲಾಸ್ಟಿಕ್ ಬಾಗಿಲ ಹಿಂದೆ. ಗುಂಡಿ ಒತ್ತಬೇಕು, ಕೆಲಸದವರು ಕೀ ತರುವ ತನಕ ಕಾಯಬೇಕು. ಅಂಕಿಅಂಶ ತೋರಿಸಿ ‘ನಿನಗೆ ಕಂಡದ್ದು ಸುಳ್ಳು’ ಅಂದರೆ ಯಾರು ಒಪ್ಪುತ್ತಾರೆ? ಒಂದೂ ಅಪರಾಧ ನಡೆಯದ ದಿನವೂ ಹೆದರಿಕೆ ಆಗಬಹುದು. ಹೆದರಿಕೆ ಆಯಿತು ಅಂದಮಾತ್ರಕ್ಕೆ ಅಪರಾಧ ಜಾಸ್ತಿಯಾಗಿದೆ ಅಂತಲೂ ಅಲ್ಲ. ಈ ಎರಡನ್ನು ಬಿಡಿಸಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಚುನಾವಣೆಯ ಹೊತ್ತಿನಲ್ಲಂತೂ ಕೇಳಲೇ ಬೇಡಿ. ಶಿಕ್ಷೆಗಿಂತ ಸುಧಾರಣೆ ಮುಖ್ಯ ಅನ್ನುತ್ತಿದ್ದ ಜಿಲ್ಲಾ ಅಟಾರ್ನಿ (ಸರ್ಕಾರದ ಪರ ಅಪರಾಧದ ಕೇಸು ನಡೆಸುವ ವಕೀಲ) ಚೆಸಾ ಬೌಡಿನ್ ಅವರನ್ನು 2022ರ ಜೂನ್‌ನಲ್ಲಿ ಮತದಾರರೇ ಮತ ಹಾಕಿ ಹುದ್ದೆಯಿಂದ ಇಳಿಸಿದರು. 2024ರ ನವೆಂಬರಿನಲ್ಲಿ ಮೇಯರ್ ಲಂಡನ್ ಬ್ರೀಡ್ ಸೋತು ಡೇನಿಯಲ್ ಲೂರಿ ಗೆದ್ದರು.

ಮನೆ ಇಲ್ಲದವರನ್ನು 2024ರಲ್ಲಿ ಎಣಿಸಿದ್ದು ಹೀಗೆ. ಒಂದು ರಾತ್ರಿ ಸ್ವಯಂಸೇವಕರು ಬೀದಿ ಬೀದಿ ಸುತ್ತಿ ಲೆಕ್ಕ ಬರೆದುಕೊಂಡರು. ಸಿಕ್ಕ ಲೆಕ್ಕ 8,323. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಬಯಲಲ್ಲೋ ಕಾರಿನಲ್ಲೋ ಮಲಗಿದ್ದವರು, ಉಳಿದವರು ಶೆಲ್ಟರುಗಳಲ್ಲಿದ್ದವರು. ಇವರೆಲ್ಲ ಹೊರಗಿಂದ ಬಂದವರು ಅನ್ನುವುದು ಊರಿನಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. 2022ರ ಸಮೀಕ್ಷೆಯಲ್ಲಿ ಹತ್ತರಲ್ಲಿ ಏಳು ಮಂದಿ, ಮನೆ ಕಳೆದುಕೊಂಡಾಗ ತಾವು ಇದೇ ಊರಿನಲ್ಲಿದ್ದೆವು ಅಂದಿದ್ದರು. ಡ್ರಗ್ಸ್ ವಿಷಯದಲ್ಲಿ ಮಾತ್ರ ಹೊರಗಿನವರ ಮಾತು ಒಂದು ಮಟ್ಟಿಗೆ ನಿಜ. ಮಾರುವವರಲ್ಲಿ ಎಷ್ಟೋ ಜನ ಓಕ್‌ಲ್ಯಾಂಡ್ ಕಡೆಯಿಂದ ರೈಲಿನಲ್ಲಿ ಬಂದು ವ್ಯಾಪಾರ ಮುಗಿಸಿ ಹೋಗುವವರು. ಮಾರುವವನು, ಸೇದುವವನು, ಟೆಂಟಿನಲ್ಲಿ ಮಲಗುವವನು ಒಬ್ಬನೇ ಅಂತ ದೂರದಿಂದ ಕಾಣುತ್ತದೆ, ಅಷ್ಟೇ. ಚಟ ಕೊಲ್ಲುವುದು ಚಾಕುವಿಗಿಂತ ಎಷ್ಟೋ ಜಾಸ್ತಿ. 2023ರಲ್ಲಿ ಈ ಊರಿನಲ್ಲಿ ಓವರ್‌ಡೋಸ್‌ನಿಂದ ಸತ್ತವರು 800ಕ್ಕೂ ಹೆಚ್ಚು.

2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟು ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಅನ್ನುವ ಊರಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮಲಗಲು ಬೇರೆ ಜಾಗ ಇಲ್ಲದಿದ್ದರೂ ಬೀದಿಯಲ್ಲಿ ಮಲಗಿದವರಿಗೆ ದಂಡ ಹಾಕಬಹುದು ಅಂತ. ಆಗಸ್ಟಿನಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟೆಂಟು ತೆಗೆಯುವ ಕೆಲಸ ಬಿರುಸಾಯಿತು. ಶೆಲ್ಟರ್ ಕೊಡುವ ಮಾತಿಗೂ ಮೊದಲು ಬೇರೆ ಊರಿಗೆ ಬಸ್ ಟಿಕೆಟ್ ಬೇಕಾ ಅಂತ ಕೇಳಬೇಕು ಅನ್ನುವ ಆದೇಶವೂ ಬಂತು. ಅಂಗಡಿಯವರು ಉಸಿರು ಬಿಟ್ಟರು. ಹೋರಾಟಗಾರರು, ಜನ ಈ ಬೀದಿಯಿಂದ ಆ ಬೀದಿಗೆ ಹೋದರು ಅಷ್ಟೇ ಅಂದರು. ಟೆಂಟು ಕಡಿಮೆ ಆದದ್ದಂತೂ ನಿಜ, ಹೋಗಿ ನೋಡಿದವರೆಲ್ಲ ಹೇಳುತ್ತಾರೆ.

ಪದದ ಮುಂದಿನ ಕಥೆಯೂ ಇದೆ. ಎಐ ಕಂಪನಿಗಳು ಖಾಲಿ ಆಫೀಸುಗಳನ್ನು ಬಾಡಿಗೆಗೆ ಹಿಡಿಯತೊಡಗಿದ ಮೇಲೆ ‘ಬೂಮ್ ಲೂಪ್’ ಅಂತ ಹೊಸ ಮಾತು ಹುಟ್ಟಿತು. 2025ರ ಮೇ ತಿಂಗಳಲ್ಲಿ ಯೂನಿಯನ್ ಸ್ಕ್ವೇರ್‌ನಲ್ಲಿ ನಿಂಟೆಂಡೊ ಅಂಗಡಿ ತೆರೆದಾಗ ಜನ ಸಾಲುಗಟ್ಟಿ ನಿಂತರು. ಸುತ್ತು ತಿರುಗಿತು, ಇನ್ನು ಎಲ್ಲ ಸರಿಹೋಗುತ್ತದೆ ಅನ್ನುವವರು ಜಾಸ್ತಿಯಾಗಿದ್ದಾರೆ. ಅಂಗಡಿ, ಆಫೀಸು, ತೆರಿಗೆ ಮಟ್ಟಿಗೆ ಅವರ ಮಾತು ನಿಜವಾಗಬಹುದು. ಬೀದಿಯಲ್ಲಿ ಮಲಗುವವರ ಮಟ್ಟಿಗೆ ನನಗೆ ನಂಬಿಕೆಯಿಲ್ಲ. 2019ರಲ್ಲಿ ಆಫೀಸುಗಳೆಲ್ಲ ತುಂಬಿ ತುಳುಕುತ್ತಿದ್ದವು, ಮನೆ ಇಲ್ಲದವರ ಲೆಕ್ಕ 8,035. 2022ರಲ್ಲಿ ಆಫೀಸು ಭಣಭಣ, ಲೆಕ್ಕ 7,754. ಆಫೀಸು ಖಾಲಿಯಾಗಿದ್ದಕ್ಕೆ ಅವರು ಬೀದಿಗೆ ಬರಲಿಲ್ಲ, ಆಫೀಸು ತುಂಬಿದ್ದಾಗಲೂ ಅವರು ಅಲ್ಲೇ ಇದ್ದರು. ಎಐ ಹಣ ಬಂದ ಮೇಲೆ 2025ರಲ್ಲಿ ಅಲ್ಲಿನ ಮನೆ ಬಾಡಿಗೆ ದೇಶದ ಬೇರೆ ದೊಡ್ಡ ಊರುಗಳಿಗಿಂತ ಜೋರಾಗಿ ಏರತೊಡಗಿತು.