ಫ್ರೆಂಡಿಗೊಂದು ಭಾಷೆ, ಮ್ಯಾನೇಜರ್‌ಗೊಂದು ಭಾಷೆ, ಇದು ನಾಟಕನಾ?

ಪ್ರಶ್ನೆ: ಫ್ರೆಂಡ್ಸ್ ಜೊತೆ ಒಂಥರಾ ಮಾತಾಡ್ತೀನಿ, ಮ್ಯಾನೇಜರ್‌ಗೆ ಮೇಲ್ ಬರೆಯೋವಾಗ ಬೇರೆ ಮನುಷ್ಯನೇ ಆಗ್ಬಿಡ್ತೀನಿ. ಇದ್ರಲ್ಲಿ ನನ್ನ ನಿಜವಾದ ಭಾಷೆ ಯಾವ್ದು?

ಎರಡೂ ನಿಮ್ದೇ. ಎಲ್ರ ಹತ್ರನೂ ಒಂದೇ ಥರ ಮಾತಾಡೋರು ಯಾರೂ ಇಲ್ಲ, ಇದ್ರೂ ಅವರ ಜೊತೆ ಬದುಕೋದು ಕಷ್ಟ.

ಜ್ವರ ಬಂತು ಅಂದ್ಕೊಳ್ಳಿ. ಫ್ರೆಂಡಿಗೆ "ಜ್ವರ ಕಣೋ, ನಾಳೆ ಬರಲ್ಲ" ಅಂದ್ರೆ ಮುಗೀತು. ಆಫೀಸಿಗಾದ್ರೆ "ನನಗೆ ಜ್ವರ ಬಂದಿರುವುದರಿಂದ ನಾಳೆ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ". ಇದು ಬರೀ ಮರ್ಯಾದೆಗೆ ಅಂತ ಎಲ್ರೂ ಅಂದ್ಕೋತಾರೆ, ಅರ್ಧ ಸರಿ ಅಷ್ಟೇ. ಫ್ರೆಂಡಿಗೆ ನೀವ್ಯಾರು, ಎಲ್ಲಿಗೆ ಬರಲ್ಲ ಎಲ್ಲಾ ಗೊತ್ತು, ಗೊತ್ತಾಗ್ಲಿಲ್ಲ ಅಂದ್ರೆ ತಕ್ಷಣ ವಾಪಸ್ ಕೇಳ್ತಾನೆ, ಆದ್ರೆ ಆ ರಜೆ ಅರ್ಜಿ ಫೈಲಿಗೆ ಹೋಗುತ್ತೆ, ಮುಂದೊಂದಿನ ನಿಮ್ಮ ಮುಖಾನೇ ನೋಡಿರದ ಯಾರೋ ಓದ್ತಾರೆ, ಅವರು ಯಾರನ್ನ ಕೇಳ್ಬೇಕು? ಅದಕ್ಕೇ ಕಾರಣ, ದಿನ, ಏನು ಬೇಕು ಅನ್ನೋದು ಎಲ್ಲಾ ವಾಕ್ಯದೊಳಗೇ ಇರ್ಬೇಕು.

ಮಾತಿನ ಧಾಟಿ ಯಾಕೆ ಬದಲಾಗುತ್ತೆ ಅಂತ ತಿಳ್ಕೊಳ್ಳೋಕೆ ಭಾಷಾವಿಜ್ಞಾನಿ ಮೈಕಲ್ ಹ್ಯಾಲಿಡೇ ಮೂರು ವಿಷಯ ನೋಡಿ ಅಂತಾರೆ: ಏನ್ ನಡೀತಿದೆ, ಯಾರ ಜೊತೆ, ಮಾತಲ್ಲೋ ಬರಹದಲ್ಲೋ. (ಚಾಟ್ ಬಂದ್ಮೇಲೆ ಮೂರನೇದು ಕಲಸುಮೇಲೋಗರ ಆಗಿದೆ, ಕೈಯಲ್ಲಿ ಟೈಪ್ ಮಾಡ್ತೀವಿ ಆದ್ರೆ ಬರೋದು ಬಾಯಿ ಮಾತು, "ಸರಿ" ಅಂತ ಬರೆದು ಫುಲ್‌ಸ್ಟಾಪ್ ಇಟ್ರೆ ಕೋಪ ಬಂದಿದ್ಯಾ ಅಂತ ಕೇಳ್ತಾರೆ.)

ಹೀಗೆ ಮಾತು ಬದಲಾಗೋಕೆ ಬಾಸ್ ಎದುರಿಗೇ ಇರ್ಬೇಕು ಅಂತೇನಿಲ್ಲ. 1962ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕ್‌ನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, "ಫೋರ್ತ್ ಫ್ಲೋರ್" ಅನ್ನೋ ಉತ್ತರ ಬರೋ ಥರ ಕೆಲಸದವರನ್ನ ಏನೋ ಕೇಳೋರು, ಕೇಳಿಸ್ಲಿಲ್ಲ ಅನ್ನೋ ಥರ ನಟಿಸಿ ಇನ್ನೊಂದ್ಸಲ ಹೇಳಿಸೋರು. ಎರಡನೇ ಸಲ ಸ್ವಲ್ಪ ಗಮನ ಕೊಟ್ಟು ಹೇಳೋವಾಗ, ಮೊದಲ ಸಲ ಎಷ್ಟೋ ಜನ ನುಂಗಿಬಿಡ್ತಿದ್ದ ಆ ಪದಗಳ "ರ್" ಉಚ್ಚಾರಣೆ ಜಾಸ್ತಿ ಆಗ್ತಿತ್ತು. ಅದೇ ಜನ, ಅದೇ ಪದ, ಒಂದೆರಡು ಸೆಕೆಂಡ್ ಅಂತರ ಅಷ್ಟೇ!

ಇನ್ನೊಂದು, ಫಾರ್ಮಲ್ ಅಂದ್ರೆ ಯಾವಾಗ್ಲೂ ಗೌರವ ಅಲ್ಲ. "ನೀನು" ಅಂತಿದ್ದ ಫ್ರೆಂಡು ಜಗಳದ ಮಧ್ಯೆ "ನೀವೇ ದೊಡ್ಡೋರು ಬಿಡಿ" ಅಂದ್ರೆ ಅದು ಬೈಗುಳಕ್ಕಿಂತ ಜೋರಾಗಿ ತಾಗುತ್ತೆ.

ಹೊಸಬರಿಗೆ ಹೇಗೆ ಬರೀಬೇಕು ಅಂತ ಡೌಟಿದ್ರೆ "ನೀವು" ಇಂದ್ಲೇ ಶುರು ಮಾಡಿ, ಅವರ ರಿಪ್ಲೈ ಸಲಿಗೆಯಿಂದ ಬಂದ್ರೆ ನೀವೂ ಸ್ವಲ್ಪ ಸಡಿಲ ಮಾಡಿ, ಇಲ್ಲಾಂದ್ರೆ ಹಾಗೇ ಇರ್ಲಿ.