ಒಳಗೆ ಹೋಗದೆ ಕೊಲ್ಲುವ ಔಷಧ ಸಿಗುತ್ತಾ?

ಐಸಿಯು ರೋಗಿಯ ಕಲ್ಚರ್ ರಿಪೋರ್ಟ್ (ಸ್ಯಾಂಪಲ್‌ನಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತು, ಅದಕ್ಕೆ ಯಾವ ಔಷಧ ನಾಟುತ್ತದೆ ಅನ್ನುವ ವರದಿ) ಹಿಡಿದುಕೊಂಡು ಮನೆಯವರು ಲ್ಯಾಬ್ ಬಾಗಿಲಿಗೆ ಬರುವುದು ನಮ್ಮಂಥ ಮೈಕ್ರೋಬಯಾಲಜಿಸ್ಟ್‌ಗಳಿಗೆ ಹೊಸದಲ್ಲ. "ಎಲ್ಲಾ ಔಷಧದ ಮುಂದೆ ಆರ್ ಅಂತಿದೆಯಲ್ಲ ಡಾಕ್ಟ್ರೇ, ಹಾಗಂದ್ರೇನು?" ಆರ್ ಅಂದರೆ ರೆಸಿಸ್ಟೆಂಟ್. ಆ ಔಷಧ ಈ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ.

ಇಂಥ ರಿಪೋರ್ಟ್‌ಗಳಲ್ಲಿ ಪದೇ ಪದೇ ಬರುವ ಹೆಸರು ಅಸಿನೆಟೊಬ್ಯಾಕ್ಟರ್ ಬೌಮಾನಿ. ವೆಂಟಿಲೇಟರ್ ಮೇಲಿರುವವರ ಶ್ವಾಸಕೋಶಕ್ಕೆ ಇಳಿಯುತ್ತದೆ, ರಕ್ತಕ್ಕೂ ಸೇರುತ್ತದೆ. ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್ ಗುಂಪಿನ ಔಷಧಗಳಿಗೂ ಬಗ್ಗದ ಅಸಿನೆಟೊಬ್ಯಾಕ್ಟರ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೂ 2024ರಲ್ಲೂ ಅತಿ ತುರ್ತಿನ ಪಟ್ಟಿಯಲ್ಲಿ ಇಟ್ಟಿತು. ನಮ್ಮ ದೇಶದ ಐಸಿಯುಗಳಲ್ಲಂತೂ ಸಿಗುವುದು ಹೆಚ್ಚಾಗಿ ಈ ಬಗೆಯದ್ದೇ. ಆಗ ಕೈಯಲ್ಲಿ ಉಳಿಯುವುದು ಕೊಲಿಸ್ಟಿನ್‌ನಂಥ ಒಂದೆರಡು ಔಷಧ. ಕೊಲಿಸ್ಟಿನ್ 1940ರ ದಶಕದ ಕೊನೆಯಲ್ಲಿ ಕಂಡುಕೊಂಡದ್ದು. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ ಒಮ್ಮೆ ಮೂಲೆಗೆ ಸೇರಿಸಿದ್ದನ್ನೇ ಈಗ ಮತ್ತೆ ಹೊರಗೆ ತೆಗೆದಿದ್ದೇವೆ.

ಯಾಕೆ ಹೀಗಾಯಿತು? ಅಸಿನೆಟೊಬ್ಯಾಕ್ಟರ್ ಗ್ರಾಂ ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾ. ಈ ಗುಂಪಿನವುಗಳಿಗೆ ಒಂದಲ್ಲ, ಎರಡು ಪೊರೆ. ಹೊರಪೊರೆಯ ಮೇಲುಭಾಗದಲ್ಲಿ ಕೊಬ್ಬಿಗೆ ಸಕ್ಕರೆ ಸೇರಿದ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ. ಅವನ್ನು ಎಲ್‌ಪಿಎಸ್ ಅನ್ನುತ್ತೇವೆ. ನಮ್ಮ ಹೆಚ್ಚಿನ ಆಂಟಿಬಯೋಟಿಕ್‌ಗಳು ಕೆಲಸ ಮಾಡುವುದು ಈ ಪೊರೆಯ ಒಳಗೆ. ಹೋಗಬೇಕಾದರೆ ಪೋರಿನ್ ಎಂಬ ಸಣ್ಣ ಕಿಂಡಿಗಳಲ್ಲಿ ನುಸುಳಬೇಕು. ಬ್ಯಾಕ್ಟೀರಿಯಾ ಆ ಕಿಂಡಿಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಹೇಗೋ ನುಸುಳಿದ ಔಷಧವನ್ನು ಪಂಪ್ ಮಾಡಿ ಆಚೆ ತಳ್ಳುತ್ತದೆ. ಹಾಗಾಗಿ ಕೆಲವು ವಿಜ್ಞಾನಿಗಳು ದಾರಿ ಬದಲಿಸಿದರು. ಒಳಗೆ ಹೋಗುವ ತಾಪತ್ರಯವೇ ಬೇಡ, ಹೊರಮೈಯಲ್ಲೇ ಇರುವ ಪ್ರೋಟೀನ್‌ಗೆ ಹೊಡೆದರಾಯಿತು ಅಂತ.

ಎರಡು ಗುರಿಗಳು ಮುಖ್ಯ. ಒಂದು ಬ್ಯಾಮ್‌ಎ. ಬೇರೆ ಪ್ರೋಟೀನ್‌ಗಳನ್ನು ಹೊರಪೊರೆಯಲ್ಲಿ ಕೂರಿಸುವುದು ಇದರ ಕೆಲಸ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ತಂಡ 2019ರಲ್ಲಿ ಇದನ್ನು ಕೆಡಿಸುವ ಡಾರೊಬ್ಯಾಕ್ಟಿನ್ ಎಂಬ ಅಣುವನ್ನು ವರದಿ ಮಾಡಿತು. ಅವರು ಹುಡುಕಿದ ಜಾಗ ನನಗೆ ತುಂಬಾ ಇಷ್ಟ. ಕೀಟಗಳನ್ನು ಕೊಲ್ಲುವ ಒಂದು ಜಾತಿಯ ಸಣ್ಣ ಹುಳುಗಳಿವೆ. ಅವುಗಳ ಕರುಳಿನಲ್ಲಿ ಫೋಟೊರ‍್ಯಾಬ್ಡಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಇದು ಪೈಪೋಟಿಗೆ ಬರುವ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲಬೇಕು, ಆದರೆ ತನ್ನನ್ನು ಸಾಕಿಕೊಂಡ ಹುಳುವಿಗೆ ವಿಷ ಆಗಬಾರದು. ನಮಗೆ ಬೇಕಾದ ಔಷಧಕ್ಕೂ ಇದೇ ಷರತ್ತು, ಅಲ್ವಾ? ಇನ್ನೊಂದು ವಿಷಯ. ಡಾರೊಬ್ಯಾಕ್ಟಿನ್‌ನಿಂದ ತಪ್ಪಿಸಿಕೊಳ್ಳಲು ಬ್ಯಾಮ್‌ಎಯನ್ನು ಬದಲಿಸಿಕೊಂಡ ಇ. ಕೋಲಿ, ಇಲಿಗಳಲ್ಲಿ ಕಾಯಿಲೆ ತರುವ ಶಕ್ತಿಯನ್ನೇ ಕಳೆದುಕೊಂಡಿತು.

ಎರಡನೆಯದು ಎಲ್‌ಪಿಟಿ ಸಾಲು. ಏಳು ಬಗೆಯ ಪ್ರೋಟೀನ್‌ಗಳು ಸೇರಿ ಒಳಪೊರೆಯಿಂದ ಹೊರಪೊರೆಗೆ ಸೇತುವೆಯಂತೆ ನಿಂತಿರುತ್ತವೆ. ಒಳಗೆ ತಯಾರಾದ ಎಲ್‌ಪಿಎಸ್ ಇದರ ಮೂಲಕ, ಚಕ್ಕುಲಿ ಒರಳಿನಲ್ಲಿ ಹಿಟ್ಟು ಹಿಂದಿನಿಂದ ನೂಕಿಸಿಕೊಂಡು ಬರುವ ಹಾಗೆ, ಹೊರಮೈಗೆ ಬರುತ್ತದೆ. ಹೊರತುದಿಯ ಬಾಯಿ ಎಲ್‌ಪಿಟಿಡಿ. ಅದನ್ನು ಗುರಿ ಮಾಡಿದ ಮುರೆಪವಾಡಿನ್ ಎಂಬ ಔಷಧ, ಆಸ್ಪತ್ರೆಗಳಲ್ಲಿ ಕಾಡುವ ಇನ್ನೊಂದು ಬ್ಯಾಕ್ಟೀರಿಯಾ ಆದ ಸ್ಯೂಡೊಮೊನಾಸ್‌ಗೆಂದೇ ತಯಾರಾಗಿತ್ತು. ಆಸ್ಪತ್ರೆ ನ್ಯುಮೋನಿಯಾದಲ್ಲಿ ಮೂರನೇ ಹಂತದ ಪರೀಕ್ಷೆವರೆಗೂ ಬಂತು. ಆದರೆ ಕಿಡ್ನಿ ತೊಂದರೆ ನಿರೀಕ್ಷೆಗಿಂತ ಜಾಸ್ತಿ ಕಂಡಿತು, 2019ರಲ್ಲಿ ಪರೀಕ್ಷೆ ನಿಂತಿತು. ಗುರಿ ಸರಿ ಇದ್ದರೂ ಔಷಧ ಕೈಕೊಡಬಹುದು.

ಈಗ ಎಲ್ಲರ ಕಣ್ಣು ಜೋಸುರಾಬಾಲ್ಪಿನ್ ಎಂಬ ಹೊಸ ಔಷಧದ ಮೇಲೆ. ರೋಶ್ ಕಂಪನಿ ಸುಮಾರು 45,000 ಉಂಗುರಾಕಾರದ, ಪ್ರೋಟೀನ್ ತುಣುಕಿನಂಥ ಪೆಪ್ಟೈಡ್‌ಗಳನ್ನು ಜರಡಿ ಹಿಡಿದಾಗ ಸಿಕ್ಕ ಎಳೆ ಇದರ ಮೂಲ. ಮೊದಲ ರೂಪಗಳು ರಕ್ತದಲ್ಲಿನ ಕೊಬ್ಬಿನ ಕಣಗಳನ್ನು ಗಂಟು ಕಟ್ಟಿಸುತ್ತಿದ್ದವು. ಅಣುವಿನ ಮೇಲಿನ ವಿದ್ಯುತ್ ಚಾರ್ಜ್ ತಿದ್ದಿ ಅದನ್ನು ಸರಿಪಡಿಸಿದರು. ಸರಿಯಾಗಿ ಹೇಳಬೇಕೆಂದರೆ ಇದರ ಗುರಿ ಮೇಲ್ಮೈಯಲ್ಲಿಲ್ಲ. ಅದೇ ಸಾಲಿನ ಒಳತುದಿಯಲ್ಲಿದೆ. ಎಲ್‌ಪಿಎಸ್ ಸಾಲಿನೊಳಗೆ ಕಾಲಿಟ್ಟ ಕ್ಷಣದಲ್ಲೇ ಅದನ್ನು ಅಲ್ಲಿಯೇ ಸಿಕ್ಕಿಸಿಬಿಡುತ್ತದೆ. ತಮಾಷೆ ಏನೆಂದರೆ, ಅಸಿನೆಟೊಬ್ಯಾಕ್ಟರ್ ಎಲ್‌ಪಿಎಸ್ ಇಲ್ಲದೆಯೂ ಬದುಕಬಲ್ಲದು. ಕೊಲಿಸ್ಟಿನ್‌ನಿಂದ ಅದು ಪಾರಾಗುವ ದಾರಿಗಳಲ್ಲಿ ಅದೂ ಒಂದು. ಆದರೆ ತಯಾರಾದ ಸರಕು ಹೊರಗೆ ಹೋಗದೆ ಒಳಗೇ ರಾಶಿ ಬಿದ್ದರೆ ಅದಕ್ಕೆ ತಡೆಯಲಾಗುವುದಿಲ್ಲ. ಇದರ ವಿವರ 2024ರ ಜನವರಿಯಲ್ಲಿ ಪ್ರಕಟವಾಯಿತು. 2025ರಲ್ಲಿ ಕಂಪನಿ ಮೂರನೇ ಹಂತದ ಪರೀಕ್ಷೆಗೆ ಹೋಗುವುದಾಗಿ ಹೇಳಿತು.

ಖುಷಿ ಪಡುವ ಸುದ್ದಿಯೇ. ಆದರೆ ಲ್ಯಾಬ್‌ನಲ್ಲಿ ಕೂತವರಿಗೆ ಬೇರೆ ಚಿಂತೆ. ಮುರೆಪವಾಡಿನ್ ಸ್ಯೂಡೊಮೊನಾಸ್‌ಗೆ ಮಾತ್ರ. ಜೋಸುರಾಬಾಲ್ಪಿನ್ ಅಸಿನೆಟೊಬ್ಯಾಕ್ಟರ್‌ಗೆ ಮಾತ್ರ, ಕ್ಲೆಬ್ಸಿಯೆಲ್ಲಾದಂಥ ಬೇರೆ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಏನೂ ಮಾಡುವುದಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಇದರಿಂದ ಹೆಚ್ಚು ಕುತ್ತಿಲ್ಲ, ನಿಜ. ಆದರೆ ಯಾವ ಬ್ಯಾಕ್ಟೀರಿಯಾ ಅಂತ ಮೊದಲೇ ಗೊತ್ತಿರಬೇಕು. ಇವತ್ತು ನಾವು ಸ್ಯಾಂಪಲ್ ಬಂದ ಮೇಲೆ ಹೆಸರು ಮತ್ತು ಔಷಧಗಳ ಪಟ್ಟಿ ಕೊಡಲು ಎರಡು ಮೂರು ದಿನ ತೆಗೆದುಕೊಳ್ಳುತ್ತೇವೆ. ಅಷ್ಟರಲ್ಲಿ ವಾರ್ಡಿನಲ್ಲಿ ಎಲ್ಲಕ್ಕೂ ಆಗುವಂಥ ಔಷಧ ಶುರುವಾಗಿರುತ್ತದೆ. ಮಾಲ್ಡಿ ಯಂತ್ರ ಬೆಳೆದ ಬ್ಯಾಕ್ಟೀರಿಯಾದ ಹೆಸರನ್ನು ನಿಮಿಷಗಳಲ್ಲಿ ಹೇಳುತ್ತದೆ, ಆದರೆ ಅದು ದೊಡ್ಡ ಆಸ್ಪತ್ರೆಗಳ ಸ್ವತ್ತು. ಹೊಸ ಔಷಧದ ಬೆಲೆ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದನ್ನು ಸರಿಯಾದ ರೋಗಿಗೆ ತಲುಪಿಸುವ ಲ್ಯಾಬಿನ ಖರ್ಚನ್ನು ಯಾರೂ ಕೇಳುವುದಿಲ್ಲ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಒಂದು ಪ್ರಶ್ನೆ. ಮನೆಯವರು ಐಸಿಯುನಲ್ಲಿದ್ದರೆ, ಆಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ ಕಲ್ಚರ್‌ಗೆ ರಕ್ತ ತೆಗೆದಿದ್ದಾರಾ ಅಂತ ಕೇಳಿ. ಅದಕ್ಕಾಗಿ ಔಷಧ ತಡಮಾಡಬೇಕಿಲ್ಲ, ಕಲ್ಚರ್‌ನ ಎರಡು ಸಣ್ಣ ಬಾಟಲಿಗೆ ಬೇಕಾದಷ್ಟು ರಕ್ತ ತೆಗೆಯಲು ಕೆಲವು ನಿಮಿಷ ಸಾಕು.